ಮದುಮಗನ ಅಂಗಿ, ನನ್ನ ಪಂಚೆ

ನಗಬೇಡಿ ಗೆಳೆಯರೇ. ನಾನು ಟೈಲರ್, ತರೀಕೆರೆಯ ಮನೆಯಿಂದ ಅಜ್ಜಂಪುರದ ನನ್ನ ಅಂಗಡಿಗೆ ದಿನಾ ಬಸ್ಸು. ಇವತ್ತು ಹತ್ತೂವರೆಗೆ ಮುಹೂರ್ತ, ಮದುಮಗನ ಟೆರಿಲಿನ್ ಅಂಗಿಗೆ ಇನ್ನೂ ಗುಂಡಿಯಿಲ್ಲ. ಸೀಟಿನಲ್ಲೇ ತೊಡೆಯ ಮೇಲೆ ಹರಡಿಕೊಂಡು ಹೊಲಿಯತೊಡಗಿದೆ. ದಾರಿಯಲ್ಲಿ ಡ್ರೈವರ್ ಟೀಗೆಂದು ನಿಲ್ಲಿಸಿದ.

"ಬೇಗ ಹೊರಡ್ಸಪ್ಪಾ, ಮುಹೂರ್ತ ಮೀರೋಗ್ತದೆ," ಎಂದೆ.

"ಮದ್ವೆ ನಿಮ್ದೇನ್ರೀ?" ಎಂದ ಕಂಡಕ್ಟರ್.

ಅಜ್ಜಂಪುರದಲ್ಲಿ ಇಳಿಯುತ್ತಿದ್ದಂತೆ ಮದುಮಗನ ಅಪ್ಪ, "ಕೊಡ್ರೀ ಬೇಗ," ಎಂದು ಅಂಗಿ ಎಳೆದರು. ಜೊತೆಗೆ ನನ್ನ ಪಂಚೆಯೂ ಹೊರಟಿತು. ಬಸ್ಸಿನ ಕುಲುಕಾಟದಲ್ಲಿ ಎರಡನ್ನೂ ಸೇರಿಸಿ ಹೊಲಿದಿದ್ದೆ. ಕತ್ತರಿ ಇದ್ದದ್ದು ಅಂಗಡಿಯಲ್ಲಿ. ಅವರು ಅಂಗಿ ಹಿಡಿದು ಮುಂದೆ, ನಾನು ಪಂಚೆ ಹಿಡಿದು ಹಿಂದೆ, ಪೇಟೆ ಬೀದಿ ದಾಟಿದೆವು.

ಇನ್ನು ಬಸ್ಸಿನಲ್ಲಿ ಸೂಜಿ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ನಾಳೆಯ ಬಸ್ಸಿಗೆಂದು ಎರಡು ರವಿಕೆ ಆಗಲೇ ಚೀಲ ಸೇರಿವೆ.