ಮೊದಲು ಖಾಲಿ ಕಿಟಕಿ

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಎಲ್ಲರೂ ಅವಳನ್ನು ಟೈಪಮ್ಮ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಡಾಕ್ಟರುಗಳು ಹೇಳಿದ ವರದಿಗಳನ್ನು ಟೈಪು ಮಾಡಿದ್ದಳು. ಮಾತನ್ನು ತಾನೇ ಅಕ್ಷರಕ್ಕಿಳಿಸುವ ಯಂತ್ರ ಬಂದು ಕೆಲಸಕ್ಕೆ ಕುತ್ತು ಬಂದಾಗ ಅವಳಿಗೆ ನಲವತ್ತೆರಡು. ಅಳುತ್ತಾ ಕೂರಲಿಲ್ಲ. ಸರ್ವರ್ ಕೋಣೆಯ ಹಿರಿಯ ಪ್ರೋಗ್ರಾಮರ್ ಬಳಿ ಹೋಗಿ, "ನನಗೂ ಕೋಡ್ ಬರೆಯೋದು ಹೇಳಿಕೊಡಿ ಸರ್," ಎಂದಳು. ಅವರು ನಕ್ಕರು. ಮರುದಿನವೂ ಹೋದಳು. ಮೂರನೆಯ ದಿನ ಅವರಿಗೇ ನಾಚಿಕೆಯಾಗಿ ಪಾಠ ಶುರುಮಾಡಿದರು.

ಎರಡು ವರ್ಷದಲ್ಲಿ, ಡಾಕ್ಟರುಗಳು ರೋಗಿಗಳ ಎಕ್ಸ್‌ರೇ ನೋಡುವ ವೆಬ್ ಪುಟದ ಹೊಣೆ ಅವಳ ಹೆಗಲಿಗೆ ಬಂತು. ಜೊತೆಗೆ ಒಂದು ಪೀಡೆಯೂ ಬಂತು. ‘ಚಿತ್ರ ತೆರೆ’ ಗುಂಡಿ ಒತ್ತಿದರೆ ಕೆಲವೊಮ್ಮೆ ಹೊಸ ಕಿಟಕಿಯಲ್ಲಿ ಚಿತ್ರ ಮೂಡುತ್ತಿತ್ತು, ಕೆಲವೊಮ್ಮೆ ಏನೂ ಇಲ್ಲ.

"ಗುಂಡಿ ಕುಟ್ಟಿ ಕುಟ್ಟಿ ನನ್ನ ಬೆರಳಿಗೇ ಎಕ್ಸ್‌ರೇ ಬೇಕಾಗಿದೆ ಟೈಪಮ್ಮಾ!" ಎಂದು ಮೂಳೆ ಡಾಕ್ಟರು ಫೋನಿನಲ್ಲಿ ರೇಗಿದರು.

ಅವಳ ಮೇಜಿನ ಮೇಲೆ ಮಾತ್ರ ಎಲ್ಲವೂ ಥಟ್ಟನೆ ತೆರೆಯುತ್ತಿತ್ತು.

"ಬ್ರೌಸರ್ ತಡೀತಿದೆ," ಎಂದರು ಪ್ರೋಗ್ರಾಮರ್. "ಹೊಸ ಕಿಟಕಿಗೆ ಅನುಮತಿ ಕೊಟ್ಕೊಳ್ಳಿ ಅಂತ ಎಲ್ಲರಿಗೂ ಸುತ್ತೋಲೆ ಹಾಕಿ ಕೈ ತೊಳ್ಕೊಳ್ಳಿ."

"ಮುನ್ನೂರು ಕಂಪ್ಯೂಟರ್ ಇವೆ ಸರ್. ಅಲ್ಲದೆ ಒಂದ್ಸಲ ಬಿಟ್ಟು ಇನ್ನೊಂದ್ಸಲ ತಡೆಯೋಕೆ ಅದಕ್ಕೇನು ತಲೆ ಕೆಟ್ಟಿದೆಯಾ?"

ಅದನ್ನೇ ತಿಳಿಯಲು ಅವಳು ಮೂಳೆ ಡಾಕ್ಟರ ಕೋಣೆಯ ಮೂಲೆಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತಳು. ನಲವತ್ತು ಸಲ ಗುಂಡಿ ಒತ್ತಿದ್ದನ್ನು ಬರೆದುಕೊಂಡಳು. ಈ ವರ್ಷದ ಚಿತ್ರಗಳು ಎರಡು ಸೆಕೆಂಡಿನಲ್ಲಿ ಬಂದವು. ಹಳೆಯವನ್ನು ಸರ್ವರ್ ಬೇರೆ ಸಂಗ್ರಹದಿಂದ ಹುಡುಕಿ ತರಬೇಕಿತ್ತು. ಅದಕ್ಕೆ ಎಂಟು ಒಂಬತ್ತು ಸೆಕೆಂಡು. ತೆರೆಯದೆ ಹೋದವೆಲ್ಲ ಹಳೆಯವೇ! ಪುಟದ ಕೋಡ್ ಸರ್ವರಿನ ಉತ್ತರ ಬಂದ ಮೇಲಷ್ಟೇ ಹೊಸ ಕಿಟಕಿ ಕೇಳುತ್ತಿತ್ತು. ಬೆರಳು ಒತ್ತಿದ ಕೂಡಲೇ ಕಿಟಕಿ ಕೇಳಿದರೆ ಬ್ರೌಸರ್ ಬಿಡುತ್ತದೆ. ತಡವಾಗಿ ಕೇಳಿದರೆ ಯಾವುದೋ ಜಾಹೀರಾತು ನುಗ್ಗುತ್ತಿದೆ ಎಂದು ತಡೆಯುತ್ತದೆ. ತನ್ನ ಮೇಜಿನಲ್ಲಿ ಅವಳು ಹೊಸ ಚಿತ್ರಗಳನ್ನಷ್ಟೇ ತೆರೆದು ನೋಡಿದ್ದಳು.

ಅಂದು ಸಂಜೆ ಪಾತ್ರೆ ತೊಳೆಯುತ್ತಿದ್ದವಳು ಇದ್ದಕ್ಕಿದ್ದಂತೆ, "ಕಿಟಕಿ ಮೊದಲೇ ತೆಗೆದುಬಿಟ್ರೆ?" ಎಂದಳು.

ಬಡಗಿ ಗಂಡ ಊಟದ ತಟ್ಟೆಯಿಂದ ತಲೆಯೆತ್ತಿದ. "ಬೇಡ ಕಣೆ, ಸೊಳ್ಳೆ ಬರುತ್ತೆ."

ಅವಳು ನಕ್ಕ ನಗುವಿಗೆ ಒಳಕೋಣೆಯಿಂದ ಅತ್ತೆ ಎದ್ದು ಬಂದರು.

ಮರುದಿನ ಕೋಡಿನ ಕ್ರಮ ತಿರುಗಿಸಿ ಬರೆದಳು. ಗುಂಡಿ ಒತ್ತಿದ ಕ್ಷಣವೇ ಖಾಲಿ ಕಿಟಕಿ ತೆರೆಯಬೇಕು. ಸರ್ವರಿನ ಉತ್ತರ ಬಂದಾಗ ಅದೇ ಕಿಟಕಿಯಲ್ಲಿ ಚಿತ್ರ ಕೂರಬೇಕು. ಪ್ರೋಗ್ರಾಮರ್ ತುಂಟತನದಿಂದ ಪರೀಕ್ಷೆಯ ಸರ್ವರಿನ ಕೇಬಲ್ ಕಿತ್ತು, "ಈಗೇನು ಮಾಡ್ತೀರಿ?" ಎಂದರು. ಕಿಟಕಿ ಬೆಳ್ಳಗೆ ಪೆಚ್ಚಾಗಿ ನಿಂತಿತ್ತು. ಅವಳು ಮತ್ತೆ ಕೂತಳು. ಕಾಯುವಾಗ ‘ಚಿತ್ರ ಬರುತ್ತಿದೆ, ಸ್ವಲ್ಪ ತಾಳಿ’ ಎಂದೂ, ಉತ್ತರ ಬಾರದಿದ್ದರೆ ‘ಸಿಗಲಿಲ್ಲ, ಮತ್ತೆ ಒತ್ತಿ’ ಎಂದೂ ಆ ಕಿಟಕಿಯೇ ಹೇಳುವಂತೆ ಮಾಡಿದಳು. ಎರಡನೆಯ ಸಲ ಕೇಬಲ್ ಕಿತ್ತ ಪ್ರೋಗ್ರಾಮರ್ ಕಿಟಕಿಯ ಮಾತು ಓದಿ, ಕೇಬಲನ್ನು ತಾವೇ ಮತ್ತೆ ಸಿಕ್ಕಿಸಿ, ಅಂದೇ ಹೊಸ ಕೋಡನ್ನು ಆಸ್ಪತ್ರೆಯ ಪುಟಕ್ಕೆ ಹಾಕಿಸಿದರು.

ಮಾರನೆಯ ಬೆಳಿಗ್ಗೆಯೇ ನಿಜವಾದ ಪರೀಕ್ಷೆ ಬಂತು. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯೊಬ್ಬರಿಗೆ ಆಪರೇಷನ್ ಆಗಬೇಕಿತ್ತು. ಒಂಬತ್ತು ವರ್ಷದ ಹಿಂದೆ ಅದೇ ಸೊಂಟಕ್ಕೆ ಎಂಥ ಸಲಾಕೆ ಹಾಕಿದ್ದರೆಂದು ಹಳೆಯ ಚಿತ್ರ ನೋಡದೆ ಮೂಳೆ ಡಾಕ್ಟರು ಕೈಹಚ್ಚುವಂತಿರಲಿಲ್ಲ. ಗುಂಡಿ ಒತ್ತಿದರು. ಕಿಟಕಿ ತೆರೆಯಿತು. ತಾಳಿ ಎಂದಿತು. ಟೈಪಮ್ಮ ಬಾಗಿಲಲ್ಲಿ ನಿಂತು ಎಣಿಸಿದಳು. ಎಂಟು, ಒಂಬತ್ತು...

"ಬಂತು!" ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು.

"ಏನು ಬಂತು ಡಾಕ್ಟ್ರೇ?" ಗಾಲಿಮಂಚದಿಂದ ಅಜ್ಜಿ ಗಾಬರಿಯಾದರು.

"ನಿಮ್ಮ ಸೊಂಟ ಬಂತಜ್ಜೀ! ತಂದವರು ಇವರೇ, ನೋಡಿ."

"ನೂರು ಕಾಲ ಬಾಳಮ್ಮಾ," ಎಂದು ಅಜ್ಜಿ ಕೈಯೆತ್ತಿದರು. ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಆ ವಾರ ಒಂದೇ ಒಂದು ದೂರು ಬರಲಿಲ್ಲ. ಸೋಮವಾರ ಸಭಾಂಗಣದಲ್ಲಿ ಎಂಟು ಜನ ಪ್ರೋಗ್ರಾಮರುಗಳ ಮುಂದೆ ನಿಂತು ಟೈಪಮ್ಮ ತನ್ನ ಕೋಡನ್ನು ಸಾಲುಸಾಲಾಗಿ ಬಿಡಿಸಿ ಹೇಳಿದಳು. ಲ್ಯಾಬಿನ, ಔಷಧಿ ವಿಭಾಗದ ಪುಟ ನೋಡಿಕೊಳ್ಳುವವರು ತಮ್ಮಲ್ಲೂ ಇದೇ ಪೀಡೆ ಎನ್ನುತ್ತಾ ಪುಸ್ತಕ ತೆಗೆದು ಬರೆದುಕೊಂಡರು.