ಬಂದಿಲ್ಲವೆನಿಸಿಕೊಂಡ ಪೈಲ್ವಾನ

ಕಣದ ಅಂಚಿನಲ್ಲೇ ನಿಂತಿದ್ದ ಪೈಲ್ವಾನನನ್ನು ಕುಸ್ತಿಗೆ ಬಂದೇ ಇಲ್ಲವೆಂದು ನಮ್ಮೂರ ಕುಸ್ತಿ ಕಮಿಟಿಯವರು ಮೈಕಿನಲ್ಲಿ ಸಾರಿದರು.

ಸಂಶಿ ಊರಿನ ಕಡೆಯ ಆ ಪೈಲ್ವಾನ ತನ್ನ ಗರಡಿಯ ಬಾಗಿಲಲ್ಲಿ ನೀರಿನ ತಂಬಿಗೆ ಇಟ್ಟಿರುತ್ತಿದ್ದ. ಎಲೆಯಡಿಕೆ, ಗುಟ್ಕಾ ಅಗಿಯುತ್ತ ಯಾರೇ ಬರಲಿ, "ಬಾಯಿ ತೊಳಕೊಂಡ ಒಳಗ ಬರ್ರಿ" ಎನ್ನುತ್ತಿದ್ದ. ನನಗೂ ಎರಡು ಸಲ ಅಂದಿದ್ದಾನೆ.

ಅಂದು ಕುಸ್ತಿಗೆ ಹಣ ಕೊಟ್ಟಿದ್ದ ಗುಟ್ಕಾ ಕಂಪನಿಯ ಹೆಸರಿದ್ದ ಶಾಲು ಹೊದ್ದು ಕಣಕ್ಕಿಳಿಯಲು ಕಮಿಟಿಯ ಅಧ್ಯಕ್ಷರು ಹೇಳಿದರು. "ಒಂದ ಫೋಟೋ ಆಗೂತನಕ ಹೊದ್ಕೋಲೇ, ಶಾಲು ಏನ ಕಡೀತೈತೇನು?"

"ಹುಡುಗ್ರು ನನ್ನ ನೋಡಿ ಗರಡಿಗೆ ಬರ್ತಾರ್ರಿ ಕಾಕಾ, ಪಾನ್ ಅಂಗಡಿಗಲ್ಲ" ಎಂದು ಅವನು ಶಾಲನ್ನು ಮಡಚಿ ಅವರ ಕೈಗಿತ್ತ. ಮೈಕು ಕೂಗಿದ್ದು ಆಗಲೇ.

ಕಮಿಟಿಯ ಹಿರಿಯರೇ, ಅವನು ಶಾಲು ಹೊದೆಯಲಿಲ್ಲವೆಂಬ ನಿಜವನ್ನು ಸಾರದಂತೆ ನಿಮ್ಮನ್ನು ತಡೆದ ನಾಚಿಕೆ, ಆ ಶಾಲನ್ನು ಕಂಪನಿಯವರಿಂದ ಪಡೆಯುವಾಗ ಎಲ್ಲಿ ಹೋಗಿತ್ತು?