ಕಣ್ಣಿನಲ್ಲಿ ಸುಳ್ಳು ಹೇಳಲು ಬಾರದ ಲಿಫ್ಟರ್

ಆಸ್ಟನ್‌ನ ಕಣ್ಣು ಅವನ ಬಾಯಿಗಿಂತ ಮೊದಲೇ ಮಾತಾಡಿಬಿಡುತ್ತಿತ್ತು. "ಪುಡ್ಡಿಂಗ್ ಯಾರು ತಿಂದದ್ದು?" ಎಂದು ಅವನ ತಾಯಿ ಜೆಸಿಂತಾ ಬಾಯಿ ಕೇಳಿದರೆ "ಐ ಡೋಂಟ್ ನೋ ಮಮ್ಮಿ" ಎನ್ನುತ್ತಿದ್ದ, ಕಣ್ಣು ಮಾತ್ರ ಸೀದಾ ಫ್ರಿಜ್ಜಿನ ಕಡೆಗೆ ಹೋಗುತ್ತಿತ್ತು. ಆರಡಿ ಎತ್ತರದ, ಮೀಸೆ ಬಂದ ಕಾಲೇಜು ಹುಡುಗ. ಕುವೈತಿನ ಹವಲ್ಲಿಯ ಹಳೆಯ ಕಟ್ಟಡದಲ್ಲಿ ಅವರದು ನಮ್ಮ ಎದುರು ಬಾಗಿಲು. ಇವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದು ನಮ್ಮ ಮಹಡಿಗೆಲ್ಲ ಗೊತ್ತಿದ್ದ ತಮಾಷೆ. ಆ ತಮಾಷೆಯೇ ಅವನನ್ನು ತಂಡದಿಂದ ಹೊರಗೆ ಹಾಕುವಷ್ಟು ದೊಡ್ಡದಾದೀತೆಂದು ಯಾರೂ ಎಣಿಸಿರಲಿಲ್ಲ.

ಆಸ್ಟನ್ ಕಾಲೇಜಿನ ವಾಲಿಬಾಲ್ ತಂಡದ ಲಿಫ್ಟರ್. ಎದುರಿನವರ ಸರ್ವ್ ಅನ್ನು ಒಬ್ಬ ತಡೆದು ಕೊಟ್ಟರೆ ಎರಡನೆಯ ಮುಟ್ಟು ಲಿಫ್ಟರನದು. ಎಡದವನಿಗೆ ಎತ್ತಬೇಕೋ, ನಡುವಿನವನಿಗೋ, ಬೆನ್ನ ಹಿಂದೆ ಬಲದವನಿಗೋ ಎಂದು ತೀರ್ಮಾನಿಸುವವನು ಅವನೇ. ಚಪ್ಪಾಳೆ ಸ್ಮ್ಯಾಶ್ ಹೊಡೆದವನಿಗೆ, ಬೈಗಳು ಲಿಫ್ಟರಿಗೆ. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ. ಮದುವೆಯಾಗಿ ಕುವೈತಿಗೆ ಬರುವ ಮೊದಲು ಮಂಗಳೂರಿನಲ್ಲಿ ಮೂರು ವರ್ಷ ನಾನೂ ಕಾಲೇಜು ತಂಡದ ಲಿಫ್ಟರ್ ಆಗಿದ್ದವಳು. ಈಗ ಶುವೈಖಿನ ಒಂದು ಗೋದಾಮಿನ ಕಚೇರಿಯಲ್ಲಿ ಕೂತು ನಾನು ಎತ್ತುವುದು ಫೋನು ಮಾತ್ರ.

ಅವನ ಮೊದಲ ವರ್ಷದ ಕೊನೆಯ ಪಂದ್ಯಕ್ಕೆ ಜೆಸಿಂತಾ ಬಾಯಿ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ನೆಟ್ಟಿನ ಆಚೆ ನಿಂತ ಉದ್ದನೆಯ ಬ್ಲಾಕರ್ ಒಬ್ಬ, ಚೆಂಡು ಆಸ್ಟನ್‌ನ ಬೆರಳಿಗೆ ತಾಗುವ ಮೊದಲೇ "ಯಮೀನ್!" ಎಂದು ಕೂಗುತ್ತಿದ್ದ. ಬಲಕ್ಕೆ ಎಂದರ್ಥ. ಚೆಂಡು ಬಲಕ್ಕೇ ಹೋಗುತ್ತಿತ್ತು, ಅಲ್ಲಿ ಆಗಲೇ ನಾಲ್ಕು ಕೈಗಳು ಗೋಡೆಯಂತೆ ನಿಂತಿರುತ್ತಿದ್ದವು. ಮೂರನೆಯ ಸೆಟ್ಟಿನಲ್ಲಿ ತಂಡದ ಈಜಿಪ್ಟಿನ ಕೋಚ್ ಅವನನ್ನು ಹೊರಗೆ ಕರೆದರು. ಟವೆಲನ್ನು ತಲೆಗೆ ಹೊದ್ದು ಕುಳಿತ ಅವನ ಪಕ್ಕದಲ್ಲಿ ಬಗ್ಗಿ ಅವರು ಹೇಳಿದ್ದು ನಮಗೂ ಕೇಳಿಸಿತು: "ಹಬೀಬಿ, ನಿನ್ನ ಕಣ್ಣು ರೇಡಿಯೊ. ನಮಗಿಂತ ಮೊದಲು ಅವರಿಗೆ ಕೇಳಿಸುತ್ತದೆ." ಮುಂದಿನ ವರ್ಷ ಹೊಸ ಲಿಫ್ಟರ್ ಒಬ್ಬ ಸೇರುವವನಿದ್ದ. ಸೆಪ್ಟೆಂಬರಿನಲ್ಲಿ ಇಬ್ಬರಿಗೂ ಟ್ರಯಲ್, ಜಾಗ ಒಬ್ಬನಿಗೇ.

ಆ ಸಂಜೆ ಆಸ್ಟನ್ ನಮ್ಮ ಬಾಗಿಲು ಬಡಿದ. ಕಣ್ಣು ಕೆಂಪಗಿತ್ತು.

"ಆಂಟಿ, ನೀವು ಲಿಫ್ಟರ್ ಆಗಿದ್ರಂತೆ. ಪ್ಲೀಸ್, ಟೀಚ್ ಮಿ."

"ಎಂತ ಕಲಿಸುದು?"

"ಲೈಯಿಂಗ್," ಎಂದ.

ಕುವೈತಿನ ಬೇಸಿಗೆಯಲ್ಲಿ ಬಯಲಿನಲ್ಲಿ ಆಡಿದರೆ ಚೆಂಡಿಗಿಂತ ಮೊದಲು ನಾವು ಒಡೆಯುತ್ತೇವೆ. ಹಾಗಾಗಿ ನಮ್ಮ ಅಂಗಳ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗ್, ಹೊತ್ತು ಬೆಳಗಿನ ಐದು ಗಂಟೆ. ಮೊದಲ ವಾರವೇ ಚೆಂಡು ಒಂದು ಕಾರಿಗೆ ಬಡಿದು ಅದರ ಅಲಾರಾಂ ಇಡೀ ಕಟ್ಟಡವನ್ನು ಎಬ್ಬಿಸಿತು. ಕಾವಲಿನವನು ಓಡಿಬಂದು "ಖಲಾಸ್! ಖಲಾಸ್!" ಎಂದು ನಮ್ಮಿಬ್ಬರನ್ನೂ ಕಳ್ಳರಂತೆ ಹೊರಗೆ ಅಟ್ಟಿದ. ಅವನನ್ನು ಒಲಿಸಲು ಬೇಸಿಗೆ ಮುಗಿಯುವವರೆಗೆ ವಾರಕ್ಕೆರಡು ಸಲ ನೀರುದೋಸೆ ಕೊಡಬೇಕಾಯಿತು.

ಗೋಡೆಗೆ ಮೂರು ಕಡೆ ಟೇಪು ಅಂಟಿಸಿದೆ. ನಾನು ಚೆಂಡು ಎಸೆಯುವುದು, ಅವನು ಮೂರರಲ್ಲಿ ಒಂದಕ್ಕೆ ಎತ್ತುವುದು, ಎಲ್ಲಿಗೆಂದು ನಾನು ಮೊದಲೇ ಕೂಗುವುದು. ಜೂನ್ ತಿಂಗಳಿಡೀ ನನ್ನ ಊಹೆ ತಪ್ಪಿದ್ದೇ ಇಲ್ಲ. ಎಡಕ್ಕಾದರೆ ಕಣ್ಣು ಎಡಕ್ಕೆ ಓಡುತ್ತಿತ್ತು, ಹಿಂದಕ್ಕಾದರೆ ಬೆನ್ನು ಮೊದಲೇ ಬಾಗುತ್ತಿತ್ತು.

"ಎಲ್ಲಿಗೆ ಎತ್ತುತ್ತೀಯೋ ಅಲ್ಲಿಗೆ ನೋಡ್ಬೇಡ ಮಾರಾಯ!"

"ನೋಡದೆ ಹೇಗೆ ಆಂಟಿ? ಹೌ?"

"ಅನ್ನ ತಿನ್ನುವಾಗ ನಿನ್ನ ಬಾಯಿ ಎಲ್ಲುಂಟು ಅಂತ ನೋಡ್ತೀಯಾ?"

ನಾನೂ ಶಾಂತಮೂರ್ತಿಯಲ್ಲ. ಒಂದು ದಿನ ಅವನು ಚೆಂಡನ್ನು ನೆಲಕ್ಕೆ ಕುಕ್ಕಿ, ಸಿಟ್ಟಿನಲ್ಲಿ ಕನ್ನಡವನ್ನು ಪೂರ್ತಿ ಮರೆತು, ಇನ್ನು ತನ್ನಿಂದಾಗದು ಎಂದು ಇಂಗ್ಲಿಷಿನಲ್ಲಿ ಕೂಗಾಡಿದ. "ಹೋಗು, ಹೊಸಬನಿಗೆ ನೀರಿನ ಬಾಟ್ಲಿ ಹಿಡಿದುಕೊಂಡು ನಿಲ್ಲು," ಎಂದು ನಾನೂ ಮೆಟ್ಟಿಲು ಹತ್ತಿಬಿಟ್ಟೆ. ಮನೆಗೆ ಹೋದ ಮೇಲೆ, ಅಷ್ಟು ಬೈಯಬಾರದಿತ್ತು ಎಂದು ಸಂಕಟವಾಯಿತು. ಮರುದಿನ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಅವನು ಕೆಳಗಿನ ಮೆಟ್ಟಿಲ ಮೇಲೆ ಚೆಂಡು ತಬ್ಬಿಕೊಂಡು ಕೂತಿದ್ದ. "ಕನ್ಫೆಶನ್‌ಗೆ ಹೋದ್ರೆ ಫಾದರಿಗೆ ಎಂತ ಹೇಳುದು ಆಂಟಿ? ಡೈಲಿ ಸುಳ್ಳು ಪ್ರಾಕ್ಟೀಸ್ ಮಾಡ್ತೇನೆ ಅಂತ?" ಎಂದು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

ಸಂಜೆಯ ಪಾಠ ನಮ್ಮ ಊಟದ ಮೇಜಿನ ಮೇಲೆ. ಮೂರು ಸ್ಟೀಲ್ ಡಬ್ಬಿ. ನಾನೂ ಜೆಸಿಂತಾ ಬಾಯಿಯೂ ತಿರುಗಿ ನಿಂತಾಗ ಅವನು ಒಂದರಲ್ಲಿ ಚಕ್ಕುಲಿ ಅಡಗಿಸಬೇಕು, ಅವನ ಮುಖ ನೋಡಿ ನಾವು ಕಂಡುಹಿಡಿಯಬೇಕು. ಜುಲೈ ಕಳೆಯುವವರೆಗೆ ಚಕ್ಕುಲಿಯೆಲ್ಲ ನಮ್ಮದೇ. ಆಗಸ್ಟಿನ ಒಂದು ಶುಕ್ರವಾರ ಅವನು ಚಕ್ಕುಲಿಯ ಬದಲು ತಾಯಿಯ ಕಾರಿನ ಕೀಲಿಯನ್ನು ಅಡಗಿಸಿದ. ಆಸ್ಪತ್ರೆಯ ಡ್ಯೂಟಿಗೆ ಹೊರಟ ಜೆಸಿಂತಾ ಬಾಯಿ ಮಗನ ಮುಖವನ್ನು ತುಂಬ ಹೊತ್ತು ನೋಡಿ, ನಗುತ್ತಾ ನಡುವಿನ ಡಬ್ಬಿ ತೆರೆದರು. ಖಾಲಿ. ಇನ್ನೊಂದು ತೆರೆದರು. ಅದೂ ಖಾಲಿ. ನಾನು ಚಪ್ಪಾಳೆ ತಟ್ಟಿದೆ. ಅವರ ನಗು ಅರ್ಧಕ್ಕೇ ನಿಂತಿತು.

"ಇದೆಂತ ಶೋಭಕ್ಕ, ನನ್ನ ಮಗನಿಗೆ ನೀವು ಕಲಿಸಿದ್ದು? ಇನ್ನು ಇವನನ್ನು ನಾನು ನಂಬುದು ಹೇಗೆ?"

"ಆಟಕ್ಕೆ ಮಾತ್ರ, ಬಾಯಿ," ಎಂದೆ ನಾನು.

ಆಸ್ಟನ್ ಮೂರನೆಯ ಡಬ್ಬಿ ತೆರೆದು ಕೀಲಿ ತೆಗೆದುಕೊಟ್ಟ.

ಟ್ರಯಲ್‌ನ ದಿನ ಜೆಸಿಂತಾ ಬಾಯಿಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ. "ಏನಾದ್ರೂ ಕೂಡಲೇ ಫೋನ್ ಮಾಡಿ," ಎಂದು ನನ್ನನ್ನೇ ಕಳಿಸಿದರು. ಕಾಲೇಜಿನ ಒಳಾಂಗಣದಲ್ಲಿ ಫೋನು ಕೈಯಲ್ಲೇ ಹಿಡಿದು ಮುಂದಿನ ಸಾಲಿನಲ್ಲಿ ಕೂತೆ. ಇಬ್ಬರಿಗೂ ಒಂದೊಂದು ಸೆಟ್, ಎದುರಿಗೆ ತಂಡದ ಅತ್ಯುತ್ತಮ ಬ್ಲಾಕರುಗಳು. ಹೊಸಬ ತನ್ನ ಸೆಟ್ ಸಲೀಸಾಗಿ ಗೆಲ್ಲಿಸಿಕೊಟ್ಟು, ಬೆವರು ಒರೆಸಿಕೊಂಡು ಬೆಂಚಿನಲ್ಲಿ ಕುಳಿತ. ಆಸ್ಟನ್‌ನ ಮೊದಲ ಚೆಂಡಿಗೇ ಕಣ್ಣು ಎಡಕ್ಕೆ ಓಡಿತು, ಚೆಂಡೂ ಎಡಕ್ಕೆ ಹೋಯಿತು, ಬ್ಲಾಕಿಗೆ ಬಡಿದು ನೆಲಕ್ಕೆ ಬಿತ್ತು. ಎರಡನೆಯದೂ ಹಾಗೆಯೇ. ಎದ್ದು ಹೋಗಿ ಕೆನ್ನೆಗೆ ಎರಡು ಬಿಡೋಣ ಎನ್ನಿಸಿತು ನನಗೆ. ಅವನು ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಒಮ್ಮೆ ಮೇಲೆ, ಸುಮ್ಮನೆ ಛಾವಣಿಯನ್ನು ನೋಡಿದ.

ಅಲ್ಲಿಂದ ಅವನು ನೋಡಿದ್ದು ಚೆಂಡನ್ನು ಮಾತ್ರ. ಒಂದೊಂದೇ ಅಂಕ ಕೂಡುತ್ತ ಬಂತು. ಇಪ್ಪತ್ಮೂರು ಸಮ, ಆಮೇಲೆ ಆಸ್ಟನ್‌ನ ಕಡೆಗೆ ಇಪ್ಪತ್ನಾಲ್ಕು–ಇಪ್ಪತ್ಮೂರು. ಎದುರಿನವರು ತಿರುಗಿ ಹೊಡೆದದ್ದನ್ನು ತಡೆದವನು ಎಡವಟ್ಟು ಮಾಡಿದ, ಚೆಂಡು ಬೆಂಚಿನ ಕಡೆಗೆ ಹಾರಿತು. ಆಸ್ಟನ್ ಓಡಿ ಅದರ ಅಡಿಗೆ ಸೇರಿಕೊಂಡು ಎಡದ ಹೊಡೆತಗಾರನನ್ನು ನೋಡಿದ, ಕಣ್ಣು ಪೂರ್ತಿ ಅರಳಿಸಿ, ಹಳೆಯ ಆಸ್ಟನ್ ನೋಡುತ್ತಿದ್ದಂತೆಯೇ. ಬ್ಲಾಕರುಗಳಿಬ್ಬರೂ ಎಡಕ್ಕೆ ಹಾರಿದರು. ನಿಜ ಹೇಳುತ್ತೇನೆ, ನನ್ನ ಬಾಯಿಂದಲೂ "ಎಡ!" ಎಂದೇ ಬಂತು. ಚೆಂಡು ಅವನ ತಲೆಯ ಮೇಲಿಂದ ಹಿಂದಕ್ಕೆ, ಬಲಕ್ಕೆ ಹೋಯಿತು. ಅಲ್ಲಿ ತಡೆಯುವವರು ಒಬ್ಬರೂ ಇರಲಿಲ್ಲ.

ಕೋಚ್ ಎರಡು ಕೈಯೆತ್ತಿ, "ಖಲಾಸ್, ರೇಡಿಯೊ ಬಂದ್!" ಎಂದರು. ಜಾಗ ಆಸ್ಟನ್‌ಗೇ ಸಿಕ್ಕಿತು. ನಾನು ಅತ್ತುಕೊಂಡೇ ಜೆಸಿಂತಾ ಬಾಯಿಗೆ ಫೋನ್ ಮಾಡಿದೆ. ಅವರೂ ಆ ಕಡೆ ಅಳುತ್ತಿದ್ದರು. ಸಂತೋಷಕ್ಕೆಂದುಕೊಂಡೆ.

ಡಿಸೆಂಬರಿನ ಒಂದು ಮಧ್ಯಾಹ್ನ ಅವನು ಬೆನ್ನಿಗೆ ಬ್ಯಾಗು, ಕಂಕುಳಲ್ಲಿ ಚೆಂಡು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದ. ಅಷ್ಟರಲ್ಲಿ ತಂಡ ಸೆಮಿಫೈನಲ್ ತಲುಪಿತ್ತು.

"ಕ್ರಿಸ್ಮಸ್‌ಗೆ ಊರಿಗೆ ಆಂಟಿ. ಜಸ್ಟ್ ಟೂ ವೀಕ್ಸ್. ಸೆಮಿಫೈನಲ್ ಮೊದಲು ಬರ್ತೇನೆ. ಬಾಲ್ ನಿಮ್ಮತ್ರ ಇರ್ಲಿ."

"ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಯೆಲ್ಲ ತಿಂದು ಹೊಟ್ಟೆ ಬರಿಸ್ಬೇಡ, ಹಾರ್ಲಿಕ್ಕೆ ಆಗುದಿಲ್ಲ," ಎಂದೆ. ಅವನು ನಕ್ಕ, ನನ್ನ ಕಣ್ಣನ್ನೇ ನೇರವಾಗಿ ನೋಡುತ್ತಾ. ಬಗ್ಗಿ ನನ್ನ ಕಾಲು ಮುಟ್ಟಿದ. ಹಿಂದೆಂದೂ ಮುಟ್ಟಿದವನಲ್ಲ. ಅದಕ್ಕೂ ನಾನು ಏನೋ ತಮಾಷೆ ಮಾಡಿ ಕಳಿಸಿಕೊಟ್ಟೆ.

ಎರಡು ವಾರ ಕಳೆಯಿತು, ಸೆಮಿಫೈನಲ್ ಹತ್ತಿರ ಬಂತು. ಒಂದು ಸಂಜೆ ಜೆಸಿಂತಾ ಬಾಯಿ ಕೇಕಿನ ತಟ್ಟೆ ಹಿಡಿದು ಬಂದು, "ಮಂಗಳೂರಲ್ಲಿ ಕಾಲೇಜ್ ಸೀಟ್ ಸಿಕ್ಕಿತು ಶೋಭಕ್ಕ, ಈ ತಿಂಗಳೇ ಸೇರ್ಬೇಕಂತೆ, ದೇವರ ದಯೆ," ಎಂದರು.

"ಯಾರಿಗೆ?"

ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಅವ ನಿಮಗೆ ಹೇಳ್ಲಿಲ್ವಾ? ನಾನೇ ಆಂಟಿಗೆ ಹೇಳ್ತೇನೆ, ನೀವು ಹೇಳ್ಬೇಡಿ ಮಮ್ಮಿ ಅಂದಿದ್ದ."

ಅವರ ಕೆಲಸದ ಕರಾರು ಮಾರ್ಚಿಗೆ ಮುಗಿಯುವುದಿತ್ತು, ಮುಂದುವರಿಯುವುದಿಲ್ಲವೆಂದು ತಿಳಿದಿತ್ತು. ಮಗನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ತಾಯಿಯದಕ್ಕೆ ಜೋಡಿಸಿದ್ದು. ಅವರದು ಹೋದರೆ ಅವನಿಗೂ ಇಲ್ಲಿ ಇರಲಾಗುವುದಿಲ್ಲ.

"ಅವನಿಗೆ ಯಾವಾಗ ಗೊತ್ತಾದದ್ದು?"

"ಆಗಸ್ಟಲ್ಲಿ. ಆ ಕೀಲಿ ಅಡಗಿಸಿದ್ದ ನೋಡಿ, ಅದರ ಮುಂಚಿನ ದಿನ."

ಅಂದರೆ ಮುಗಿಸಲಾರದ ಸೀಸನ್ನಿನ ಜಾಗಕ್ಕೆ ಅವನು ಟ್ರಯಲ್‌ನ ದಿನ ಅಷ್ಟು ಜೀವ ಕೊಟ್ಟು ಆಡಿದ್ದ. ಗೊತ್ತಾದ ಮೇಲೂ ದಿನಾ ಬೆಳಗ್ಗೆ ಐದಕ್ಕೆ ನನ್ನೆದುರು ನಿಂತಿದ್ದ, ಮುಂದಿನ ವರ್ಷ ಹೀಗೆ ಮಾಡುವ, ಹಾಗೆ ಮಾಡುವ ಎಂದು ನಾನು ಬಡಬಡಿಸುವುದನ್ನೆಲ್ಲ ಕೇಳಿಸಿಕೊಂಡಿದ್ದ. ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಎಂದು ಹೇಳಲಾರೆ.

ಚೆಂಡು ಇನ್ನೂ ನಮ್ಮ ಫ್ರಿಜ್ಜಿನ ಮೇಲಿದೆ. ಆಗಾಗ ಗಾಳಿ ತುಂಬಿಸುತ್ತೇನೆ. ಆ ಮಧ್ಯಾಹ್ನವನ್ನು ಎಷ್ಟೋ ಸಲ ನೆನಪಿಗೆ ತಂದುಕೊಂಡಿದ್ದೇನೆ. ಎರಡು ವಾರಕ್ಕೆ ಬಿಟ್ಟುಹೋಗುವವನಾಗಿದ್ದರೆ, ನನ್ನ ಕೈಗೆ ಕೊಡುವಾಗ ಅವನು ಚೆಂಡನ್ನು ಒಂದು ಸಲವಾದರೂ ನೋಡುತ್ತಿದ್ದ. ಅವನು ನೋಡಲಿಲ್ಲ. ನೋಡಬೇಡ ಎಂದು ಕಲಿಸಿದವಳು ನಾನೇ.